ತುಂಬಿಸಿದ ಹಾಡೆಲ್ಲ ಎಲ್ಲಿ ಹೋಗ್ತಿತ್ತು?

ಈಚೆಗೆ ಕೆಲವು ವಾರ ನಾನು ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಯಂತ್ರದ ಜೊತೆ ಜಗಳಕ್ಕೆ ಬಿದ್ದಿದ್ದೆ.

ಭಾನುವಾರ ಅದಕ್ಕೆ ಹಾಡು ತುಂಬಿಸುತ್ತೇನೆ. ಮುಂದಿನ ಭಾನುವಾರ ನೋಡಿದರೆ ಒಂದೂ ಇಲ್ಲ. ಮತ್ತೆ ತುಂಬಿಸುತ್ತೇನೆ. ಮತ್ತೆ ಮಾಯ. ಕಳ್ಳತನ ಅನ್ನೋಣ ಅಂದರೆ ಯಂತ್ರ ಅಲ್ಲೇ ಇದೆ. ಯಂತ್ರ ಬಿಟ್ಟು ಹಾಡು ಮಾತ್ರ ಕದಿಯುವ ಕಳ್ಳ ನಮ್ಮ ಕೊಳ್ಳೇಗಾಲ ಸೀಮೆಯಲ್ಲಿ ಯಾರಿದ್ದಾರೆ ಹೇಳಿ?

ಯಂತ್ರ ಯಾವುದು ಅಂತ ಹೇಳಿಬಿಡುತ್ತೇನೆ. ಮೊಬೈಲಿನಲ್ಲೇ ಹಾಡು ಕೇಳುವ ಕಾಲ ಬರುವ ಮೊದಲು ಜೇಬಿಗೆ ಹಾಕಿಕೊಂಡು ಓಡಾಡುವ ಮ್ಯೂಸಿಕ್ ಪ್ಲೇಯರ್ ಬರ್ತಿತ್ತಲ್ಲ, ಅದು. ಮುಂದೆ ಒಂದು ದುಂಡನೆಯ ದೊಡ್ಡ ಬಟನ್, ಮೇಲೆ ಒಂದು ಪುಟಾಣಿ ಸ್ಕ್ರೀನ್. ನಾನು ಬಸ್ಸಿನಲ್ಲಿ ಸ್ಕೂಲಿಗೆ ಓಡಾಡುತ್ತಿದ್ದ ಕಾಲದ್ದು. (ಗಣಿತದ ಮೇಷ್ಟ್ರಮ್ಮನಿಗೂ ಹಾಡು ಬೇಕಾಗುತ್ತೆ ಸ್ವಾಮಿ.) ಆಮೇಲೆ ಬೀರುವಿನ ಮೂಲೆ ಸೇರಿತ್ತು. ಅದನ್ನು ಮತ್ತೆ ಹೊರಗೆ ತೆಗೆಯುವ ಹಾಗೆ ಮಾಡಿದ್ದು ನನ್ನ ಅಕ್ಕ ಪುಟ್ಟತಾಯಮ್ಮ.

ಅಕ್ಕ ಇರೋದು ಯಳಂದೂರಿನ ಹತ್ತಿರ ಹೊನ್ನೂರಿನಲ್ಲಿ. ನಮ್ಮ ತವರು ಹನೂರಿನ ಕಡೆ, ಮಳೆ ನಂಬಿಕೊಂಡ ರಾಗಿ ಹೊಲದ ಊರು. ಅಲ್ಲಿಂದ ಅವಳು ನಾಲೆ, ಭತ್ತ, ಕಬ್ಬು, ತೆಂಗಿನ ಊರಿಗೆ ಸೊಸೆಯಾಗಿ ಹೋದವಳು. ನಮ್ಮಕ್ಕನ ಬಗ್ಗೆ ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ: ಬಾಯಿ. ಬಸ್ಸಿನಲ್ಲಿ ಪಕ್ಕ ಕೂತವರ ಮನೆತನ, ಮದುವೆ, ಮಂಡಿನೋವು ಎಲ್ಲ ಮುಂದಿನ ಸ್ಟಾಪಿನೊಳಗೆ ಅವಳಿಗೆ ಗೊತ್ತಾಗುತ್ತಿತ್ತು. ಫೋನ್ ಮಾಡಿದರೆ ನಾನು ಹೂಂ ಅನ್ನೋದಷ್ಟೇ ಕೆಲಸ.

ಅಂಥ ಅಕ್ಕನಿಗೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಕೈ ಸೋತಿತು. ಬಾಯಿ ವಾರೆಯಾಯಿತು. ಪಾರ್ಶ್ವವಾಯು. ಭಾವ ಅವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಕೊಳ್ಳೇಗಾಲ ದಾಟಿ ಕಾಮಗೆರೆಯ ಆಸ್ಪತ್ರೆಗೆ ತಂದರು. ದೇವರು ದೊಡ್ಡವನು, ಡಾಕ್ಟರುಗಳು ಒಳ್ಳೆಯವರು. ಜೀವ ಉಳಿಯಿತು, ಕಾಲೂ ತಕ್ಕಮಟ್ಟಿಗೆ ಬಂತು. ಬಲಗೈ ಬರಲಿಲ್ಲ.

ಮಾತೂ ಬರಲಿಲ್ಲ.

ಒಂದೇ ಒಂದು ಮಾತು ಉಳಿದಿತ್ತು. "ಅದೇ." ನೀರು ಬೇಕಾದರೆ "ಅದೇ". ಸೊಳ್ಳೆ ಕಚ್ಚಿದರೆ "ಅದೇ". ನನ್ನನ್ನು ನೋಡಿ ಅಳು ಬಂದರೂ "ಅದೇ, ಅದೇ". ಮನಸ್ಸಿನಲ್ಲಿ ಎಲ್ಲ ಇದೆ, ಅರ್ಥವೂ ಆಗುತ್ತೆ, ಬಾಯಿಗೆ ಮಾತ್ರ ಬರೋದಿಲ್ಲ. ಊರಿಗೆಲ್ಲ ಮಾತು ಹಂಚಿದವಳ ಪಾಲಿಗೆ ಇಷ್ಟೇನಾ ಉಳಿಯೋದು? ನನಗೆ ಅವಳ ಮುಖ ನೋಡೋಕೆ ಆಗುತ್ತಿರಲಿಲ್ಲ.

ಮೈಸೂರಿನಲ್ಲಿ ಮಾತಿನ ಥೆರಪಿ ಮಾಡುವ ಮೇಡಂ ಒಬ್ಬರ ಹತ್ತಿರ ಕರೆದುಕೊಂಡು ಹೋದೆವು. ಅವರು ಅಕ್ಕನ ಕೈ ಹಿಡಿದುಕೊಂಡು ಒಂದು ಲಾಲಿಯ ರಾಗ ಗುನುಗಿದರು. ಅಕ್ಕ ಕೂಡ ಗುನುಗಿದಳು! ಪದ ಇಲ್ಲ, ಬರೀ ರಾಗ. ಆದರೆ ತಪ್ಪಿಲ್ಲದ ರಾಗ.

"ಕೆಲವರಿಗೆ ಮಾತು ಹೋದರೂ ಹಾಡು ಉಳಿದಿರುತ್ತೆ," ಅಂದರು ಮೇಡಂ. "ಇವರು ಚಿಕ್ಕಂದಿನಿಂದ ಕೇಳಿದ, ಹಾಡಿದ ಹಾಡುಗಳನ್ನ ದಿನಾ ಕೇಳಿಸಿ. ಜೊತೆಗೆ ಹಾಡಲಿ. ಹಾಡಿನ ಹಿಂದೆ ಮಾತು ಬರಬಹುದು. ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಆದರೆ ಬಿಡಬೇಡಿ."

ಬಿಡೋದಾ? ನಾನು ಆವತ್ತೇ ಬೀರು ತೆಗೆದೆ.

ಮೊಬೈಲ್ ಯಾಕಲ್ಲ ಅಂತ ಕೇಳುತ್ತೀರಿ. ಕೊಟ್ಟು ನೋಡಿದೆವು. ಎಡಗೈಯಲ್ಲಿ ಹಿಡಿದು ಎಡಗೈಯಲ್ಲೇ ಒತ್ತಬೇಕು. ಬೆರಳು ಜಾರಿ ಯಾರಿಗೋ ಕಾಲ್ ಹೋಗೋದು, ಅವರು ಹಲೋ ಹಲೋ ಅನ್ನೋದು, ಇವಳು ಗಾಬರಿಯಾಗಿ ಫೋನ್ ಎಸೆಯೋದು. ಪ್ಲೇಯರ್ ಹಾಗಲ್ಲ. ದುಂಡನೆಯ ಬಟನ್ ಹೆಬ್ಬೆರಳಿಗೇ ಸಿಗುತ್ತೆ. ಒತ್ತಿದರೆ ಹಾಡು, ಇನ್ನೊಮ್ಮೆ ಒತ್ತಿದರೆ ಮೌನ. ಒಂದು ಸಣ್ಣ ಸ್ಪೀಕರ್ ಸಿಕ್ಕಿಸಿದರೆ ಇಯರ್‌ಫೋನಿನ ರಗಳೆಯೂ ಇಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಹಳೇ ಸಿನಿಮಾ ಹಾಡು, ಭಾವಗೀತೆ, ರೇಡಿಯೋದಲ್ಲಿ ಬರ್ತಿದ್ದ ಭಕ್ತಿಗೀತೆ ಎಲ್ಲ ಸೇರಿಸಿ 'ಅಕ್ಕ' ಅಂತ ಒಂದು ಪಟ್ಟಿ ಮಾಡಿದೆ. ವೈರ್ ಸಿಕ್ಕಿಸಿ ಸಿಂಕ್ ಅಂತ ಒತ್ತಿದರೆ ಲ್ಯಾಪ್‌ಟಾಪಿನ ಹಾಡೆಲ್ಲ ಪ್ಲೇಯರಿಗೆ ಇಳಿಯುತ್ತೆ. ಇಳಿಯಿತು. ಅಕ್ಕನ ಎಡಗೈಗೆ ಕೊಟ್ಟೆ. ಅಕ್ಕ ಒತ್ತಿದಳು, ಹಾಡು ಬಂತು, ಕಣ್ಣು ಮುಚ್ಚಿಕೊಂಡಳು. ನಾನು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬರುವವರೆಗೂ ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಮುಂದಿನ ಭಾನುವಾರ ಹೋದರೆ 'ಅಕ್ಕ' ಪಟ್ಟಿಯೇ ಇಲ್ಲ!

ಏನೋ ಎಡವಟ್ಟಾಗಿದೆ ಅಂತ ಮತ್ತೆ ಸಿಂಕ್ ಮಾಡಿದೆ. ಲ್ಯಾಪ್‌ಟಾಪ್ ಏನೋ ಇಂಗ್ಲಿಷಿನಲ್ಲಿ ಕೇಳಿತು, ಯೆಸ್ ಅಂದೆ. (ಅದು ಯಾವಾಗಲೂ ಏನಾದರೂ ಕೇಳುತ್ತಲೇ ಇರುತ್ತೆ.) ಹಾಡು ಬಂತು. ಅದರ ಮುಂದಿನ ವಾರ ಮತ್ತೆ ಇಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ರಿಪೇರಿ ಪರ್ವ.

ವೈರ್ ಬದಲಾಯಿಸಿದೆ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದುಕೊಂಡರೆ ಪ್ಲೇಯರ್ ರೀಸೆಟ್ ಆಗುತ್ತೆ ಅಂತ ಒಬ್ಬ ವಿಡಿಯೋದಲ್ಲಿ ಹೇಳಿದ, ಒತ್ತಿ ಹಿಡಿದೆ. ಇನ್ನೊಬ್ಬ ಎಲ್ಲ ಅಳಿಸಿ ಹೊಸದರಂತೆ ಮಾಡಿ ಅಂದ, ಅದನ್ನೂ ಮಾಡಿದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ, ಅಯ್ಯೋ, ಇದೇ ಕಷ್ಟ ಪ್ರಪಂಚಕ್ಕೆಲ್ಲ ಇದೆ! ಯಾವುಯಾವುದೋ ದೇಶದವರು ನನ್ನ ಹಾಗೇ ಗೋಳಾಡಿದ್ದಾರೆ. ಅದಕ್ಕೆ ಬುದ್ಧಿವಂತರು ಉತ್ತರ ಕೊಟ್ಟಿದ್ದಾರೆ: ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿದಿರಾ?

ಇವರ ಮನೆ ಕಾಯ!

ಒಂದು ಭಾನುವಾರ ಪ್ಲೇಯರನ್ನು ಜೊತೆಗೇ ತಂದು ಕೊಳ್ಳೇಗಾಲದ ಅಂಗಡಿಯೊಂದಕ್ಕೂ ತೋರಿಸಿದೆ. ಅಂಗಡಿಯವರು ಹಿಂದೆ ಮುಂದೆ ತಿರುಗಿಸಿ, "ಮೆಮೊರಿ ವೋಗದೆ ಮೇಡಂ. ವಯಸ್ಸಾಯ್ತು, ಇನ್ನು ಏನ್ ಆಕುದ್ರೂ ನಿಲ್ಲಲ್ಲ. ಬುಟ್ಬುಡಿ," ಅಂದರು. ಪಾಪ, ಅವರು ಪ್ಲೇಯರಿನ ಬಗ್ಗೆ ಹೇಳಿದ್ದು. ನನಗೆ ಬೇರೆ ಯಾರ ಬಗ್ಗೆಯೋ ಹೇಳಿದ ಹಾಗೆ ಕೇಳಿಸಿ, ಅಂಗಡಿ ಮುಂದೆಯೇ ಕಣ್ಣು ಒರೆಸಿಕೊಂಡೆ. ಅವರು ಕುರ್ಚಿ ಕೊಟ್ಟು, ನೀರು ಕೊಟ್ಟು, "ಇನ್ನೊಂದ್ ಸಲ ನೋಡುಮ ಬುಡಿ ಮೇಡಂ," ಅಂದರು.

ಕೊನೆಗೆ ಪ್ಲೇಯರನ್ನು ಒಂದು ವಾರ ನಮ್ಮ ಮನೆಯಲ್ಲೇ ಇಟ್ಟುಕೊಂಡೆ. ಹಾಡು ತುಂಬಿಸಿ, ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಪರೀಕ್ಷೆ ಮಾಡುತ್ತಿದ್ದೆ. ಒಂದು ಹಾಡೂ ಅಲುಗಲಿಲ್ಲ. ಎಲ್ಲ ಜೋಪಾನವಾಗಿದೆ!

"ಹೊನ್ನೂರಿನ ನೀರು ಆಗ್ತಿಲ್ಲ ಅದಕ್ಕೆ," ಅಂದರು ನಮ್ಮ ಯಜಮಾನರು.

ಆ ವಾರ ಇನ್ನೊಂದು ಸಂಗತಿ ನಡೆಯಿತು. ಭಾವ ನನಗೆ ಫೋನ್ ಮಾಡಿದರು. ಇದು ನಿಮಗೆ ದೊಡ್ಡ ವಿಷಯ ಅಲ್ಲದೆ ಇರಬಹುದು. ನಮ್ಮ ಭಾವ ಶಿವಮಲ್ಲಪ್ಪನವರು ಅಕ್ಕನಿಗೆ ಪೂರ್ತಿ ಉಲ್ಟಾ. ಗದ್ದೆ, ತೋಟ, ಎರಡು ಹಸು, ಅಷ್ಟೇ ಅವರ ಪ್ರಪಂಚ. ನಾನು ಮನೆಗೆ ಹೋದರೆ "ಬಂದ್ಯಾ" ಅನ್ನುತ್ತಾರೆ, ಹೊರಟರೆ "ಓಗ್ಬತ್ತೀಯಾ" ಅನ್ನುತ್ತಾರೆ. ನಡುವೆ ಏನೂ ಇಲ್ಲ. ಮದುವೆಯಾದಾಗಿನಿಂದ ಅಕ್ಕ ಇಬ್ಬರ ಮಾತನ್ನೂ ಒಬ್ಬಳೇ ಆಡಿದ್ದಾಳೆ.

ಅಂಥವರು ಫೋನ್ ಮಾಡಿ, "ರತ್ನವ್ವ, ಆ ಡಬ್ಬಿ ಈ ವಾರ ಕೊಡಕಿಲ್ವಾ?" ಅಂದರು.

"ರಿಪೇರಿ ಮಾಡ್ತಿದ್ದೀನಿ ಭಾವ. ಹಾಡೆಲ್ಲ ಅಳಿಸಿಹೋಗ್ತಿದೆ."

"ಊಂ. ಅಳಿಸ್ಕಂಡೋಯ್ತದೆ," ಅಂದು ಇಟ್ಟುಬಿಟ್ಟರು.

ನನಗೆ ಏನೂ ಹೊಳೆಯಲಿಲ್ಲ. ಅಕ್ಕ ಹಠ ಮಾಡುತ್ತಿರಬೇಕು, ಅದಕ್ಕೆ ಕೇಳಿದರು ಅಂದುಕೊಂಡೆ. ಪ್ಲೇಯರನ್ನು ಭಾನುವಾರ ಕೊಟ್ಟು ಬಂದೆ. ಕೊಡುವಾಗ ಅಕ್ಕ ಅದನ್ನು ಎತ್ತಿ ಹಿಡಿದು, ಹಿತ್ತಲ ಕಡೆ ತೋರಿಸಿ, "ಅದೇ... ಅದೇ..." ಅಂದಳು. ಹಿತ್ತಲಲ್ಲಿ ಭಾವ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹೊರಗೆ ಹೋಗಬೇಕೇನೋ ಅಂತ ಅವಳನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದೆ. ಅಕ್ಕ ಎಡಗೈಯಲ್ಲಿ ಹಣೆ ಚಚ್ಚಿಕೊಂಡಳು. ಬಿಸಿಲಾಯಿತೇನೋ ಅಂತ ಮತ್ತೆ ಒಳಗೆ ಕರೆದುಕೊಂಡು ಬಂದೆ. ಇನ್ನೂ ಜೋರಾಗಿ ಚಚ್ಚಿಕೊಂಡಳು!

ಆ ವಾರ ನಡುವೆ ನಮ್ಮ ಸ್ಕೂಲಿಗೆ ರಜೆ ಸಿಕ್ಕಿತು. ಭಾನುವಾರದವರೆಗೆ ಯಾಕೆ ಕಾಯೋದು, ಹಾಡು ಇದೆಯೋ ಹೋಯಿತೋ ನೋಡೇಬಿಡೋಣ ಅಂತ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು, ಯಾರಿಗೂ ಹೇಳದೆ ಹೊರಟೆ. ಯಳಂದೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದು ಹೊನ್ನೂರು ತಲುಪಿದಾಗ ಬೆಳಗಿನ ತಿಂಡಿಯ ಹೊತ್ತು ದಾಟಿತ್ತು. ಅಕ್ಕನ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ಬಾಗಿಲು ತೆರೆದೇ ಇತ್ತು.

ಚಪ್ಪಲಿ ಬಿಡೋಕೆ ಬಗ್ಗಿದವಳು ಹಾಗೇ ನಿಂತೆ.

ಒಳಗೆ ಯಾರೋ ಹೆಂಗಸು ಹಾಡುತ್ತಿದ್ದಾರೆ. ಸಿನಿಮಾದ್ದಲ್ಲ, ರೇಡಿಯೋದ್ದಲ್ಲ. ಒಡೆದ ಗಂಟಲು, ನಡುವೆ ಕೆಮ್ಮು, ಹಿಂದೆ ಎಲ್ಲೋ ಕೋಳಿ ಕೂಗುತ್ತಿದೆ. ನಮ್ಮೂರ ಕಡೆ ರಾಗಿ ಹೊಲದಲ್ಲಿ ಸಾಲಾಗಿ ಕೂತು ಕಳೆ ಕೀಳುವಾಗ ಹಾಡುವ ಪದ. ಒಬ್ಬರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಮುಂದಿನ ಸಾಲು ಹೇಳಬೇಕು. ಆ ಒಡೆದ ಗಂಟಲು ಒಂದು ಸಾಲು ಎತ್ತಿಕೊಟ್ಟು ನಿಂತಿತು.

ಮುಂದಿನ ಸಾಲನ್ನು ನಮ್ಮಕ್ಕ ಹಾಡಿದಳು.

ಪದಗಳ ಸಮೇತ! ಕೆಲವು ಅಕ್ಷರ ಜಾರಿದವು, ಒಂದೆರಡು ತೊದಲಿದವು. ಆದರೆ ಹೊಲ ಅಂದಳು, ತಂಗಿ ಅಂದಳು, ಮೋಡ ಅಂದಳು. 'ಅದೇ' ಅನ್ನೋದು ಬಿಟ್ಟು ಬೇರೆ ಮಾತನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಇಣುಕಿದೆ. ಅಕ್ಕ ಮಂಚದ ಮೇಲೆ. ಪಕ್ಕದಲ್ಲಿ ಪ್ಲೇಯರು, ಸ್ಪೀಕರು. ಕೆಳಗೆ ಚಾಪೆಯ ಮೇಲೆ ಭಾವ. ನಮ್ಮ ಭಾವ! ತೊಡೆ ತಟ್ಟಿಕೊಂಡು ತಾಳ ಹಾಕುತ್ತಿದ್ದಾರೆ. ಅಕ್ಕ ಒಂದು ಪದಕ್ಕೆ ತಡವರಿಸಿದರೆ ತುಟಿಯಲ್ಲೇ ಅದನ್ನು ಆಡಿ ತೋರಿಸುತ್ತಿದ್ದಾರೆ.

ನನ್ನನ್ನು ಕಂಡದ್ದೇ ಭಾವ ಸಿಗರೇಟು ಸೇದುವಾಗ ಸಿಕ್ಕಿಬಿದ್ದ ಪಿಯುಸಿ ಹುಡುಗನ ಹಾಗೆ ಎದ್ದು ನಿಂತರು. ಪ್ಲೇಯರ್ ಆಫ್ ಮಾಡಿದರು.

"ಬಂದ್ಯಾ," ಅಂದರು.

"ಭಾವ, ಏನಿದು? ಯಾರ ಹಾಡು?"

"ಏನಿಲ್ಲ ಬುಡವ್ವ. ಸುಮ್ಕೆ."

ಅಕ್ಕ ಮಂಚದಿಂದ, "ಅದೇ! ಅದೇ! ಅದೇ!" ಅಂತ ಪ್ಲೇಯರಿಗೂ ಭಾವನಿಗೂ ಬೆರಳು ತೋರಿಸಿದಳು. ಅಯ್ಯೋ ನನ್ನ ದಡ್ಡತನವೇ. ಆ ಭಾನುವಾರ ಅವಳು ಹೇಳುತ್ತಿದ್ದದ್ದು ಇದನ್ನೇ. ಹಿತ್ತಲಿಗೆ ಕರೆದುಕೊಂಡು ಹೋಗು ಅಂತಲ್ಲ, ಹಿತ್ತಲಲ್ಲಿ ನಿಂತಿರುವ ಗಂಡಸನ್ನು ಕೇಳು ಅಂತ!

ಭಾವನನ್ನು ಕೂರಿಸಿ ಮಾತು ಹೊರಡಿಸೋದು ಬೋರ್‌ವೆಲ್ ಕೊರೆದಷ್ಟೇ ಕಷ್ಟ. ಆದರೆ ಆವತ್ತು ಬಿಡಲಿಲ್ಲ. ಕೊನೆಗೆ ನೆಲ ನೋಡಿಕೊಂಡು ಹೇಳಿದರು.

"ಆ ಮೈಸೂರು ಮೇಡಮ್ಮು ಏಳುದ್ರಲ್ಲ, ಚಿಕ್ಕೊಳಾಗಿದ್ದಾಗ ಆಡಿದ್ ಆಡು ಕೇಳ್ಸಿ ಅಂತ. ನೀ ಆಕ್ಕೊಟ್ಟಿದ್ದೂ ಒಳ್ಳೆ ಆಡೇಯಾ, ಇಲ್ಲ ಅನ್ನಕಿಲ್ಲ. ಆದ್ರೆ ಅವು ಇವ್ಳು ಕೇಳಿದ್ ಆಡು ಕಣವ್ವ. ಇವ್ಳು ಆಡಿದ್ ಆಡಲ್ಲ."

"ನಿಮಗೆ ಹೇಗೆ ಗೊತ್ತು ಭಾವ? ಮದುವೆ ಆದಮೇಲೆ ಅಕ್ಕ ಹೊಲದ ಪದ ಹಾಡಿದ್ದು ನಾನೇ ಕೇಳಿಲ್ಲ."

ಭಾವ ಇನ್ನೂ ಕೆಳಗೆ ನೋಡಿದರು. "ಎಣ್ಣು ನೋಡಕ್ ಬಂದಿದ್ವಲ್ಲ ನಿಮ್ಮೂರ್ಗೆ. ಮನೇಲಿ ನೋಡಕ್ಕೂ ಮುಂಚೆ ದಾರೀಲಿ ಒಲದಲ್ಲಿ ಕೇಳ್ದೆ. ಇವ್ಳೂ, ಆ ಮಾದೇವಮ್ಮನೂ ಪದ ಏಳ್ತಿದ್ರು. ನಾ ಬದಿಗೆ ನಿಂತ್ಕಂಡ್ಬುಟ್ಟೆ. ನಮ್ಮಪ್ಪ ಮುಂದೋಗಿ ಕೂಗ್ತಾವ್ನೆ, ನಂಗೆ ಕಾಲೇ ಬರ್ನಿಲ್ಲ." ತಡೆದು ಅಂದರು: "ಅಲ್ಲೇ ಒಪ್ಕಂಡೆ."

ಅಕ್ಕ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಅವಳಿಗೂ ಇದು ಹೊಸ ಸುದ್ದಿ! ಇಷ್ಟು ವರ್ಷ ಜೊತೆಗೆ ಬಾಳಿದವರು ಈ ಒಂದು ಮಾತನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.

ಮಾದೇವಮ್ಮ ಅಂದರೆ ಅಕ್ಕನ ಬಾಲ್ಯದ ಗೆಳತಿ. ಈಗಲೂ ನಮ್ಮೂರಿನಲ್ಲೇ ಇದ್ದಾಳೆ. ಭಾವ ಯಾರಿಗೂ ಹೇಳದೆ ಬೈಕ್ ತೆಗೆದುಕೊಂಡು ಯಳಂದೂರು, ಕೊಳ್ಳೇಗಾಲ, ಹನೂರು ದಾಟಿ ಅವಳನ್ನು ಹುಡುಕಿಕೊಂಡು ಹೋಗಿದ್ದಾರೆ. ಮೊಬೈಲು ಮುಂದೆ ಹಿಡಿದು, "ಒಂದೆರಡ್ ಪದ ಏಳವ್ವ, ಅವ್ಳಿಗೆ ಮಾತು ನಿಂತೋಗದೆ," ಅಂದಿದ್ದಾರೆ. ಮಾದೇವಮ್ಮ ಅತ್ತುಕೊಂಡೇ ಹಾಡಿದ್ದಾಳೆ. ಅಕ್ಕನ ಸಾಲು ಬರುವ ಜಾಗದಲ್ಲೆಲ್ಲ ಬಾಯಿ ಮುಚ್ಚಿಕೊಂಡು ಕಾದಿದ್ದಾಳೆ. ಅದನ್ನು ಭಾವ ಯಳಂದೂರಿನ ಒಂದು ಕಂಪ್ಯೂಟರ್ ಅಂಗಡಿಗೆ ತಂದು, ಅಲ್ಲಿನ ಹೆಂಗಸಿನ ಕೈಯಲ್ಲಿ ಈ ಪ್ಲೇಯರಿಗೆ ಹಾಕಿಸಿದ್ದಾರೆ.

"ಮತ್ತೆ ನೀ ಬತ್ತಿದ್ದೆ ಬಾನುವಾರ. ನೀ ಓದ್ಮೇಲೆ ನೋಡುದ್ರೆ ನಾ ಆಕ್ಸಿದ್ದು ಇರ್ತಿರ್ನಿಲ್ಲ. ತಿರ್ಗಾ ಓಗಿ ಆಕ್ಸ್ಕಂಡ್ ಬತ್ತಿದ್ದೆ."

"ಪ್ರತೀ ವಾರ?"

"ಊಂ."

"ನನ್ನ ಕೇಳಬಾರದಿತ್ತಾ ಭಾವ?"

"ಏನಂತ ಕೇಳ್ಲಿ? ನೀ ಓದ್ದೋಳು. ಈ ಒಲದ ಪದ ನಿಂಗೆ ಸೇರ್ನಿಲ್ವೇನೋ, ಅದುಕ್ಕೆ ತೆಗ್ದಾಕ್ತಿದ್ದೀಯ ಅನ್ಕಂಡೆ. ಓಗ್ಲಿ, ನೀನೂ ಅಕ್ಕುನ್ ಮೇಲಿನ್ ಆಸೆಗೇ ಅಲ್ವಾ ಮಾಡದು, ಅಂತ ಸುಮ್ನಾದೆ."

ತಾನು ಅಷ್ಟು ದೂರ ಹೋಗಿ ತಂದದ್ದನ್ನು ಯಾರೋ ವಾರವಾರವೂ ಅಳಿಸಿಹಾಕುತ್ತಿದ್ದಾರೆ ಅಂತ ಗೊತ್ತಿದ್ದೂ ಈ ಮನುಷ್ಯ ಒಂದು ಮಾತು ಆಡಿಲ್ಲ. ಮುಖ ಗಂಟಿಕ್ಕಿಲ್ಲ. ನಾನು ಬಂದಾಗ "ಬಂದ್ಯಾ" ಅನ್ನೋದನ್ನೂ ಬಿಟ್ಟಿಲ್ಲ. ಪುನಃ ಹೋಗಿ ಹಾಕಿಸಿಕೊಂಡು ಬಂದಿದ್ದಾರೆ, ಅಷ್ಟೇ.

ಆದರೆ ನಾನು ಅಳಿಸಿರಲಿಲ್ಲವಲ್ಲ! ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದೆ. ಪ್ಲೇಯರಿಗೆ ವೈರ್ ಸಿಕ್ಕಿಸಿದೆ. ಎಂದಿನ ಹಾಗೆ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಎದ್ದು ನಿಂತಿತು. ಎಂದಿನ ಹಾಗೆ ನನ್ನ ಬೆರಳು ಯೆಸ್ ಕಡೆ ಓಡಿತು. ಬೆರಳನ್ನು ಹಿಡಿದು ನಿಲ್ಲಿಸಿದೆ. ಓದಿದೆ. ಭಾವನಿಗೆ ಕನ್ನಡದಲ್ಲಿ ಹೇಳಿದೆ:

"ಈ ಪ್ಲೇಯರ್ ಬೇರೊಂದು ಕಂಪ್ಯೂಟರಿನ ಜೊತೆ ಜೋಡಿಯಾಗಿದೆಯಂತೆ. ಇದರಲ್ಲಿ ಇರೋದನ್ನೆಲ್ಲ ಅಳಿಸಿ ನನ್ನ ಹಾಡು ಹಾಕಲಾ ಅಂತ ಕೇಳ್ತಿದೆ ಭಾವ."

ಭಾವ ಸ್ಕ್ರೀನನ್ನೇ ನೋಡಿದರು. "ಅಲ್ಲೂ ಇಂಗೇ ಏನೋ ಬತ್ತಿತ್ತು. ಆ ಯಮ್ಮ ಒತ್ತೋರು."

ಅಷ್ಟೇ ಕಥೆ. ಒಂದು ಪ್ಲೇಯರಿಗೆ ಒಂದೇ ಕಂಪ್ಯೂಟರು. ನನ್ನ ಲ್ಯಾಪ್‌ಟಾಪ್ ಸಿಂಕ್ ಮಾಡಿದರೆ ಯಳಂದೂರಿನದು ಅಳಿಸಿಹೋಗುತ್ತೆ, ಯಳಂದೂರಿನದು ಮಾಡಿದರೆ ನನ್ನದು. ನಾನು 'ಅಕ್ಕ' ಅನ್ನುವ ನನ್ನ ಪಟ್ಟಿ ಇದೆಯಾ ಅಂತ ಮಾತ್ರ ನೋಡುತ್ತಿದ್ದೆನೇ ಹೊರತು, ಬೇರೆ ಏನಾದರೂ ಇದೆಯಾ ಅಂತ ಒಂದು ದಿನವೂ ಹುಡುಕಿರಲಿಲ್ಲ. ವೈರ್ ಸರಿ ಇತ್ತು. ಸಾಫ್ಟ್‌ವೇರ್ ಸರಿ ಇತ್ತು. ಆ ಮುದಿ ಮೆಮೊರಿಯೂ ಸರಿ ಇತ್ತು. ಹಾಡು ನಿಲ್ಲುತ್ತಿಲ್ಲ ಅಂತ ನಾನು ಒದ್ದಾಡುತ್ತಿದ್ದೆ, ಹಾಡು ನಿಲ್ಲುತ್ತಿಲ್ಲ ಅಂತ ಭಾವ ಒದ್ದಾಡುತ್ತಿದ್ದರು. ಇಬ್ಬರಿಗೂ ಬೇಕಾಗಿದ್ದವಳು ಒಬ್ಬಳೇ. ಎಲ್ಲ ಗೊತ್ತಿದ್ದವಳೂ ಅವಳೊಬ್ಬಳೇ, ಅವಳಿಗೆ ಹೇಳೋಕೆ ಬರುತ್ತಿರಲಿಲ್ಲ!

ಇದನ್ನು ವಿವರಿಸಿದ ಮೇಲೆ ಏನಾಯಿತು ಗೊತ್ತಾ? ಅಕ್ಕ ನಗೋಕೆ ಶುರು ಮಾಡಿದಳು. ಅರ್ಧ ಬಾಯಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ, ಮಂಚ ಅಲ್ಲಾಡುವ ಹಾಗೆ. ನಾನೂ ನಕ್ಕೆ. ಭಾವ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅಲ್ಲಿ ನಕ್ಕು ಬಂದರು.

ಯೋಚನೆ ಮಾಡಿ. ಇಡೀ ದಿನ ಎಷ್ಟು ಸಲ ನಾವು ಓದದೆಯೇ ಓಕೆ ಒತ್ತುತ್ತೇವೆ? ಫೋನಿನಲ್ಲಿ, ಬ್ಯಾಂಕಿನ ಆ್ಯಪಿನಲ್ಲಿ, ಅದು ಬಿಡಿ, ಮನೆಯಲ್ಲಿ? ಏನಾದರೂ ಕಾಣೆಯಾದರೆ ತಕ್ಷಣ ಏನೋ ಕೆಟ್ಟಿದೆ ಅನ್ನುತ್ತೇವೆ. ಇನ್ಯಾರೋ ಅದೇ ಜಾಗದಲ್ಲಿ ಇದಕ್ಕಿಂತ ಒಳ್ಳೆಯದೊಂದನ್ನು ಇಟ್ಟು ಹೋಗಿರಬಹುದು ಅಂತ ನಮಗೆ ಹೊಳೆಯೋದೇ ಇಲ್ಲ ಯಾಕೆ?

ಸರಿ. ಭಾವನ ಫೋನಿನಲ್ಲಿದ್ದ ಮಾದೇವಮ್ಮನ ಪದಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಮೊದಲು ಅವನ್ನಿಟ್ಟೆ, ಆಮೇಲೆ ನನ್ನ ಹಾಡುಗಳು. ಎರಡನ್ನೂ ಸೇರಿಸಿ ಸಿಂಕ್ ಮಾಡಿದೆ. ನಿಂತಿತು. ಇವತ್ತಿಗೂ ನಿಂತಿದೆ. ಕೊಳ್ಳೇಗಾಲದ ಅಂಗಡಿಯವರಿಗೆ ವಿಷಯ ಹೇಳಿದರೆ ಅವರು ಎದ್ದು ನಿಂತು, "ಒಳ್ಳೇದಾಗ್ಲಿ ಮೇಡಂ, ಅಕ್ಕಾರ್ಗೆ ಕೇಳ್ದೆ ಅನ್ನಿ," ಅಂದರು. ಅಕ್ಕನ ಮುಖವನ್ನೇ ನೋಡದವರು!

ಮುಂದಿನ ಭಾನುವಾರ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಮೂರೂ ಜನ ಹನೂರಿನ ಕಡೆ ಹೊರಟೆವು. ಮಾದೇವಮ್ಮ ಜಗಲಿಯ ಮೇಲೆ ಕಾಯುತ್ತಿದ್ದಳು. ಅಕ್ಕನನ್ನು ಕಂಡು ಮೊದಲು ಬೈದಳು.

"ಏನಮ್ಮೀ, ಇಂಗ್ ಮಾಡ್ಕಂಡು ಕೂತಿದ್ದೀಯೆ? ನಿನ್ ಸಾಲು ಯಾರ್ ಏಳಾರು? ನಾ ಒಬ್ಳೇ ಎಳ್ದು ಎಳ್ದು ಸಾಕಾಯ್ತು ನಂಗೆ!"

ಆಮೇಲೆ ಅಕ್ಕನ ಸೋತ ಬಲಗೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಪದ ಎತ್ತಿಕೊಂಡಳು. ಅಕ್ಕ ಸೇರಿಸಿಕೊಂಡಳು. ಮಧ್ಯೆ ಇಬ್ಬರೂ ಅತ್ತರು, ಆದರೆ ಪದ ನಿಲ್ಲಿಸಲಿಲ್ಲ. ಅಕ್ಕಪಕ್ಕದ ಮನೆಯ ಹೆಂಗಸರು ಬಂದು ಕೂತರು, ಅವರಲ್ಲಿ ಯಾರಿಗೆ ಯಾವ ಸಾಲು ಗೊತ್ತಿತ್ತೋ ಅದನ್ನು ಹೇಳಿದರು. ಭಾವ ಎಲ್ಲಿದ್ದರು ಅಂತೀರಾ? ಜಗಲಿ ಮೇಲೆ ಕೂರಿ ಅಂದರೂ ಬರಲಿಲ್ಲ. ಬೇಲಿಯ ಆಚೆ, ಹೊಲದ ಬದಿಯಲ್ಲಿ ನಿಂತು ಕೇಳುತ್ತಿದ್ದರು. ನಾನು ಅವರನ್ನು ಮತ್ತೆ ಕರೆಯಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಮೈಸೂರಿನ ಮೇಡಂ ಹೇಳಿಕೊಟ್ಟ ಹಾಗೆ, ಬೇಕಾದ ಮಾತನ್ನು ಹೊಲದ ಪದದ ರಾಗಕ್ಕೆ ಕೂರಿಸಿ ಕೇಳೋದು. ನೀರು ಕೊಡಿ ಅನ್ನೋದನ್ನು ಅಕ್ಕ ಎಳೆದೆಳೆದು ಹಾಡಿ ಕೇಳುತ್ತಿದ್ದಳು. ಬಿಸಿನೀರೋ ತಣ್ಣೀರೋ ಅಂತ ಭಾವ ಕೂಡ ಅದೇ ರಾಗದಲ್ಲಿ ಹಾಡಿ ಕೇಳಬೇಕು, ಇಲ್ಲದಿದ್ದರೆ ಅಕ್ಕನ ಮಾತಿನ ಸರಪಳಿ ತುಂಡಾಗುತ್ತೆ. ನಮ್ಮ ಭಾವ, ಹಾಡಿದರು! ಕಾಗೆ ಬೆಚ್ಚಿ ಹಾರುವಂಥ ಗಂಟಲು. "ಸಾರ್‌ಗೆ ಉಪ್ಪಾಯ್ತಾ" ಅಂತ ಅವರು ರಾಗವಾಗಿ ಕೇಳೋದು, "ಆಗ್ನಿಲ್ಲಾ" ಅಂತ ಅಕ್ಕ ರಾಗವಾಗಿ ಹೇಳೋದು. ಸೊಸೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗೋದು. ಆ ಮನೆ ಮೊದಲಿನಿಂದಲೂ ಗದ್ದಲದ ಮನೆ. ಈಗ ಸಂಗೀತದ ಗದ್ದಲ. ವಾರ ಕಳೆದ ಹಾಗೆ ರಾಗ ಗಿಡ್ಡವಾಗುತ್ತ ಬಂತು, ಪದ ಉದ್ದವಾಗುತ್ತ ಬಂತು.

ನಾನು ಯಾರಿಗೆಲ್ಲ ಕೈ ಮುಗಿಯಲಿ? ಕಾಮಗೆರೆಯಲ್ಲಿ ಜೀವ ಉಳಿಸಿದವರಿಗೆ, ಬಿಡಬೇಡಿ ಅಂದ ಮೇಡಂಗೆ, ಕೆಮ್ಮುತ್ತಲೇ ಹಾಡಿದ ಮಾದೇವಮ್ಮನಿಗೆ, ತನಗೆ ಗೊತ್ತಿಲ್ಲದೆಯೇ ನನ್ನ ಹಾಡುಗಳನ್ನು ಅಳಿಸಿದ ಯಳಂದೂರಿನ ಆ ಪುಣ್ಯಾತಗಿತ್ತಿಗೆ. ಹಾಡು ಮಾಯವಾಗದೆ ಇದ್ದಿದ್ದರೆ ನಾನು ರಜೆಯ ದಿನ ಹೇಳದೆ ಕೇಳದೆ ಹೋಗುತ್ತಿರಲಿಲ್ಲ. ಹೋಗದೆ ಇದ್ದಿದ್ದರೆ ಭಾವ ಯಾರು ಅಂತ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಅವರಿಗಂತೂ ಥ್ಯಾಂಕ್ಸ್ ಹೇಳೋಕೆ ಹೋದೆ. "ಸುಮ್ಕಿರವ್ವ," ಅಂದು ಗದ್ದೆಗೆ ಹೊರಟರು. ಮೊದಲಿನ ಹಾಗೇ ಇದ್ದಾರೆ. ಹಾಗೇ ಇರಲಿ.

ಮೊನ್ನೆ ಭಾನುವಾರ ಹೋಗಿದ್ದೆ. ಮಾದೇವಮ್ಮ ಕಳಿಸಿದ ಹೊಸ ಪದಗಳನ್ನು ತುಂಬಿಸುತ್ತ, ಲ್ಯಾಪ್‌ಟಾಪಿನಲ್ಲಿ ತಲೆ ಹುದುಗಿಸಿಕೊಂಡು ಕೂತಿದ್ದೆ. ಅಕ್ಕ ಪಕ್ಕದಲ್ಲೇ ಇದ್ದಳು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಗಮನ ಇರಲಿಲ್ಲ. ಎಡಗೈಯಿಂದ ನನ್ನ ಭುಜಕ್ಕೆ ಒಂದು ಏಟು ಬಿತ್ತು.

ತಲೆ ಎತ್ತಿದೆ. ಅಕ್ಕ ತುಟಿ ಕೂಡಿಸುತ್ತಿದ್ದಳು, ಬಿಡಿಸುತ್ತಿದ್ದಳು. ರಾಗ ಎತ್ತುತ್ತಾಳೆ ಅಂತ ಕಾದೆ. ರಾಗ ಬರಲಿಲ್ಲ.

"ಆಡು... ಸಾಕು ಕಣೆ," ಅಂದಳು. "ಯಾವಾಗ್ಲೂ... ಅದ್ರಲ್ಲೇ... ಸಾಯ್ತೀಯೆ. ಮಾತಾಡು... ರತ್ನಿ."

ಇಷ್ಟು ಹಿತವಾದ ಬೈಗುಳ ನಿಮಗೆ ಈಚೆಗೆ ಯಾರ ಬಾಯಿಂದಲಾದರೂ ಸಿಕ್ಕಿದೆಯಾ?